ಕೆರೆ ದಂಡೆಯ ಕುರ್ಚಿ

ನನ್ನ ಓರಗಿತ್ತಿಗೆ ಕುರ್ಚಿ ಸಿಕ್ಕ ದಿನ ನಾನು ಸೊಂಟದವರೆಗೆ ಕೆರೆಯ ನೀರಿನಲ್ಲಿ ನಿಂತಿದ್ದೆ. ದಂಡೆಯ ಮೇಲೆ ಚಪ್ಪಾಳೆ ಕೇಳಿಸಿತು. ತಲೆ ಎತ್ತಿ ನೋಡಿದೆ. ಕೆರೆ ಸಮಿತಿಯ ಅಧ್ಯಕ್ಷರು ಅವಳ ಕೈಗೆ ತೋಳಿಲ್ಲದ ಹಸಿರು ಕೋಟು ಕೊಡುತ್ತಿದ್ದರು. ಪಕ್ಕದಲ್ಲಿ ಬಿಳಿ ಪ್ಲಾಸ್ಟಿಕ್ ಕುರ್ಚಿ. ಅವಳು ಕೋಟು ಹಾಕಿಕೊಂಡಳು, ಕೂತಳು, ಎರಡೂ ಕಾಲು ಜೋಡಿಸಿ ಇಟ್ಟುಕೊಂಡಳು. ಒಣಗಿದ ಕಾಲು. ಚಪ್ಪಲಿ ಹಾಕಿದ ಕಾಲು.

ನನ್ನ ಹೊಟ್ಟೆ ಧಗ್ಗೆಂದಿತು. ಸುತ್ತಿ ಬಳಸಿ ಹೇಳುವ ಚಾಳಿ ನನಗಿಲ್ಲ. ಬೇರೆ ಯಾರಿಗಾದರೂ ಸಿಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಅವಳಿಗೆ ಸಿಕ್ಕಿತಲ್ಲ. ನನ್ನ ಮೈದುನನ ಹೆಂಡತಿ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಕಳೆಯ ಬೇರು ಎಲ್ಲಿ ಹಿಡಿದರೆ ಕಿತ್ತು ಬರುತ್ತದೆ ಎಂದು ಅವಳ ಬೆರಳು ಹಿಡಿದು ತೋರಿಸಿದವಳು ನಾನು. ಮೊದಲ ಸಲ ಜಿಗಣೆ ಕಚ್ಚಿದಾಗ ಅವಳು ಹಾಕಿದ ಕಿರುಚಾಟ ಕೇಳಿ ನಕ್ಕವಳೂ ನಾನೇ, ಉಪ್ಪು ಹಾಕಿ ಅದನ್ನು ಬಿಡಿಸಿದವಳೂ ನಾನೇ. ಈಗ ಅವಳು ಮೇಲೆ, ನಾನು ಕೆಳಗೆ.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಕೆರೆ ತುಂಬ ಅಂತರಗಂಗೆ ಬೆಳೆದಿದೆ. ಇಲ್ಲಿಯ ಗಿಡ ಅಲ್ಲ ಅದು. ಕೆರೆ ಸುತ್ತಲಿನ ದೊಡ್ಡ ಮನೆಗಳಲ್ಲಿ ಯಾರೋ ಹೂವಿನ ಬಣ್ಣ ಚೆನ್ನಾಗಿದೆಯೆಂದು ತಂದು, ಬೇಜಾರಾದ ಮೇಲೆ ನೀರಿಗೆ ಎಸೆದರಂತೆ. ಅದು ಹಬ್ಬಿತು. ನೀರೇ ಕಾಣದಷ್ಟು ಹಬ್ಬಿತು. ಅದನ್ನು ಕೀಳುವವರು ನಾವು. ನೀರಿನಲ್ಲಿ ಸಾಲಾಗಿ ನಿಲ್ಲುತ್ತೇವೆ. ಮುಂದಿನವಳು ಕಿತ್ತದ್ದನ್ನು ಹಿಂದಿನವಳಿಗೆ ಕೊಡುತ್ತಾಳೆ, ಅವಳು ತನ್ನ ಹಿಂದಿನವಳಿಗೆ. ಹೀಗೆ ಕೈಯಿಂದ ಕೈಗೆ ದಾಟಿ ದಂಡೆ ಸೇರಬೇಕು. ಒಂದೊಂದು ಹೊರೆಯೂ ನೆನೆದ ಕಂಬಳಿಯಷ್ಟು ಭಾರ. ಬೇರಿನಿಂದ ಕಪ್ಪು ನೀರು ಎದೆಯ ಮೇಲೆ, ಹೊಟ್ಟೆಯ ಮೇಲೆ ಸುರಿಯುತ್ತದೆ. ಆ ನಾತ ತಲೆಗೂದಲಿನಲ್ಲಿ ಕೂರುತ್ತದೆ. ಸೋಪು ಸವೆಯುತ್ತದೆ, ನಾತ ಸವೆಯುವುದಿಲ್ಲ. ನೀರಿನ ಕೆಲಸ ಮುಗಿದ ಮೇಲೆ ಕೆರೆ ಸುತ್ತಲಿನ ಕಾಲುದಾರಿಯ ಅಂಚಿನ ಪಾರ್ಥೇನಿಯಂ ಕೀಳಬೇಕು. ಅದನ್ನು ಕಿತ್ತ ಕೈಯಿಂದ ಕಣ್ಣು ಮುಟ್ಟಿಕೊಂಡರೆ ಮುಗಿಯಿತು, ದಿನವಿಡೀ ಕೆರೆತ.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವಳು ಅಜ್ಜಿ. ನಮ್ಮ ಬೀದಿಯಲ್ಲಿ ಎಲ್ಲರಿಗೂ ಅವಳು ಅಜ್ಜಿಯೇ. ಕೆರೆಯ ತಳ ಅವಳ ಕಾಲಿಗೆ ಗೊತ್ತು. ನಾವು ಕೆರೆಗೆ ಇಳಿಯುವ ಮೊದಲೇ ಅವಳು ಕಲಿಸಿದ್ದು ಒಂದು ನಿಯಮ. ನೀರಿನೊಳಗೆ ಒಡೆದ ಗಾಜು ಸಿಕ್ಕರೆ, ಹಾವು ಕಂಡರೆ, ಕಾಲ ಕೆಳಗೆ ನೆಲ ಕುಸಿದರೆ, ಕಂಡವಳು "ಕೈ" ಎಂದು ಕೂಗಬೇಕು. ಕೂಗಿದ ಕೂಡಲೇ ಎಲ್ಲರೂ ಹಿಡಿದದ್ದನ್ನು ಬಿಟ್ಟು ಎರಡೂ ಕೈ ಮೇಲೆತ್ತಿ ನಿಂತಲ್ಲೇ ನಿಲ್ಲಬೇಕು. ಏನು, ಎತ್ತ ಎಂದು ಕೇಳುವ ಹಾಗಿಲ್ಲ. ಕೂಗಿದವಳೇ "ಸರಿ" ಎನ್ನುವವರೆಗೆ ಕೈ ಇಳಿಸುವ ಹಾಗಿಲ್ಲ. ಬೇರೆ ಯಾರು ಹೇಳಿದರೂ ನಡೆಯುವುದಿಲ್ಲ. ಮೇಸ್ತ್ರಿ ಹೇಳಿದರೂ ಇಲ್ಲ. ಒಮ್ಮೆ ಒಬ್ಬಳು ತಡೆಯಲಾರದೆ ಕೈ ಇಳಿಸಿದ್ದಳು, ಅಂಗೈ ಸೀಳಿಹೋಯಿತು. ಈಗಲೂ ಅವಳಿಗೆ ಲೋಟ ಹಿಡಿಯಲು ಬರುವುದಿಲ್ಲ.

ಇನ್ನೊಂದು ನಿಯಮ ಉಂಟು. ಅದು ಅಜ್ಜಿಯದಲ್ಲ, ಸಮಿತಿಯದು. ಕೆಲಸದ ಬಟ್ಟೆಯಲ್ಲಿ ನಾವು ಕಾಲುದಾರಿಯ ಮೇಲೆ ಕಾಲಿಡಬಾರದು. ನುಣುಪು ಕಲ್ಲು ಹಾಸಿದ ದಾರಿ. ಬೆಳಿಗ್ಗೆ ಸಂಜೆ ದೊಡ್ಡ ಮನೆಗಳವರು ಅಲ್ಲಿ ನಡೆಯುತ್ತಾರೆ, ನಾಯಿಗಳನ್ನು ನಡೆಸುತ್ತಾರೆ. ನಮ್ಮ ಕಾಲಿನ ಕೆಸರು ಬಿದ್ದರೆ ಜಾರುತ್ತದಂತೆ. ಆ ದಾರಿಯ ಎರಡೂ ಅಂಚನ್ನು ಕುಕ್ಕರುಗಾಲಿನಲ್ಲಿ ಕೂತು ಚೊಕ್ಕ ಮಾಡುವವರು ನಾವು. ಮನೆಗೆ ಹೋಗುವಾಗ ಮಾತ್ರ ಪಕ್ಕದ ಚರಂಡಿಯೊಳಗೆ ನಡೆದು ಹೋಗಬೇಕು. ನಾಯಿ ಹೇತರೆ ಜಾರುವುದಿಲ್ಲವೇನೋ, ನನಗೆ ಗೊತ್ತಿಲ್ಲ.

ಆ ಕುರ್ಚಿಯ, ಅಂದರೆ ಉಸ್ತುವಾರಿಯ, ವಿಷಯ ಬಂದದ್ದು ಹೀಗೆ. ಕೆರೆಗೆ ಕಳೆ ಸಾಯಿಸುವ ಔಷಧಿ ಹೊಡೆಯಬಾರದು, ಕೈಯಿಂದಲೇ ಕೀಳಿಸಬೇಕು ಎಂದು ಸಮಿತಿ ತೀರ್ಮಾನ ಮಾಡಿತು. ಮೀನಿಗಾಗಿ, ಬಾತುಕೋಳಿಗಾಗಿ, ನೀರಿಗೆ ಬಾಯಿ ಹಾಕುವ ನಾಯಿಗಳಿಗಾಗಿ. ಔಷಧಿ ಹೊಡೆಯದಂತೆ, ಬೇರು ಉಳಿಯದಂತೆ ನೋಡಿಕೊಳ್ಳಲು ಒಬ್ಬರು ಬೇಕು, ಅವರು ಕೀಳುವವರ ಬೀದಿಯವರೇ ಆಗಿರಬೇಕು ಎಂದು ಮೇಲಿನ ಅಧಿಕಾರಿಗಳು ಹೇಳಿದರಂತೆ. ಸಮಿತಿಯಲ್ಲಿ ಗಿಡಗಳ ಬಗ್ಗೆ ಓದಿದ ಒಬ್ಬರು ಮೇಡಂ ಇದ್ದಾರೆ. ಅವರೂ ಅಧ್ಯಕ್ಷರೂ ನಮ್ಮ ಬೀದಿಗೆ ಬಂದರು.

"ಇದು ನಿಮ್ಮದೇ ಕೆರೆ," ಎಂದರು ಮೇಡಂ. "ನಿಮ್ಮಲ್ಲೇ ಒಬ್ಬರು ಮೇಲೆ ನಿಂತು ನೋಡ್ಕೋಬೇಕು. ಯಾರಾಗ್ತೀರಿ?"

ಎಲ್ಲರೂ ನನ್ನ ಮುಖ ನೋಡಿದರು. ನನ್ನ ಕಾಲಿನ ಕತೆ ಎಲ್ಲರಿಗೂ ಗೊತ್ತಿತ್ತು. ಬೆರಳಿನ ಸಂದಿಯಲ್ಲಿ ಹುಣ್ಣಾಗಿ, ಚರ್ಮ ಬೆಳ್ಳಗೆ ಬಿಟ್ಟುಕೊಂಡು ಬಂದಿತ್ತು. ಬಲಗಾಲಿನ ಕಿರುಬೆರಳು ಕಪ್ಪಾಗಿತ್ತು. ಆಸ್ಪತ್ರೆಯ ಡಾಕ್ಟರು ಮೂಗಿಗೆ ಕೈ ಅಡ್ಡ ಹಿಡಿದುಕೊಂಡು ನೋಡಿ, ಇನ್ನು ನೀರಿಗೆ ಇಳಿದರೆ ಬೆರಳು ಹೋಗುತ್ತದೆ, ಆಮೇಲೆ ಪಾದ ಎಂದಿದ್ದರು. ನೀರಿಗೆ ಇಳಿಯದಿದ್ದರೆ ಒಲೆ ಉರಿಯುವುದಿಲ್ಲ. ಈಗ ನೀರಿಗೆ ಇಳಿಯದೇ ಮಾಡುವ ಒಂದು ಕೆಲಸ ತಾನಾಗಿ ನಮ್ಮ ಬೀದಿಗೆ ಬಂದಿತ್ತು. ಅದು ನನ್ನದೇ ಎಂದುಕೊಂಡೆ.

ಎದ್ದು ನಿಂತು ಒಂದೇ ಒಂದು ಮಾತು ಕೇಳಿದೆ. "ನಾವು ದಾರಿ ಮೇಲೆ ಕಾಲಿಡಬಾರ್ದು ಅಂತೀರಲ್ಲ ಸರ್, ಉಸ್ತುವಾರಿಯವಳು ನಡೀಬಹುದಾ?"

ಅಧ್ಯಕ್ಷರು ನಕ್ಕರು. ಮೇಡಂ ಕಡೆ ತಿರುಗಿ, "ಇವಳಿಗೆ ಬಾಯಿ ಸ್ವಲ್ಪ ಜಾಸ್ತಿ," ಎಂದರು. ಆಮೇಲೆ ಹಿಂದೆ ತಲೆ ತಗ್ಗಿಸಿ ಕೂತಿದ್ದ ನನ್ನ ಓರಗಿತ್ತಿಯನ್ನು ಊರುಗೋಲಿನಿಂದ ತೋರಿಸಿದರು. "ಆ ಹುಡುಗಿ ನೋಡಿ, ಎಷ್ಟು ಶಾಂತವಾಗಿದ್ದಾಳೆ."

ಶಾಂತವಂತೆ. ಅವಳು ಅವತ್ತು ತೂಕಡಿಸುತ್ತಿದ್ದಳು.

ಮನೆಗೆ ಬಂದು ಪಾತ್ರೆ ಕುಕ್ಕಿದೆ. ಗಂಡ ಸಮಾಧಾನ ಮಾಡಲು ಬಂದ. "ಬಿಡು, ಅವಳೂ ನಮ್ಮ ಮನೆಯವಳೇ ತಾನೇ."

"ನಿಮ್ಮ ತಮ್ಮನ ಹೆಂಡ್ತಿ ಕಾಲು ಒಣಗಿದ್ರೆ ನನ್ನ ಕಾಲು ಒಣಗುತ್ತಾ?"

ಗೋಡೆಯ ಆ ಕಡೆ ಮೈದುನ ಜೋರಾಗಿ ನಗುತ್ತಿದ್ದ. ಹಂಚಿನ ಮೇಲೆ ಏನೋ ಚುರುಗುಟ್ಟಿತು. ಅದನ್ನೂ ಕಿವಿಗೊಟ್ಟು ಕೇಳಿದೆ. ಕೇಳಬಾರದು ಎಂದುಕೊಂಡಷ್ಟೂ ಕೇಳಿಸಿತು.

ಆಮೇಲಿನ ದಿನಗಳಲ್ಲಿ ನನಗೆ ಮಾಡಲು ಎರಡು ಕೆಲಸವಾಯಿತು. ಒಂದು ಕಳೆ ಕೀಳುವುದು, ಇನ್ನೊಂದು ಅವಳನ್ನು ನೋಡುವುದು. ನಡೆಯುವವರು ಅವಳಿಗೆ ನಮಸ್ಕಾರ ಹೇಳುವುದನ್ನು ನೋಡಿದೆ. ಮೇಡಂ ತಮ್ಮ ಬಾಟಲಿಯಿಂದ ಅವಳಿಗೆ ನೀರು ಕೊಡುವುದನ್ನು ನೋಡಿದೆ. ಸಂಜೆ ನಾವು ಚರಂಡಿಯೊಳಗೆ ಬಾಗಿ ನಡೆಯುವಾಗ ಅವಳು ಮೇಲೆ ಕಲ್ಲಿನ ಮೇಲೆ ಟಪಟಪ ಎಂದು ಚಪ್ಪಲಿ ಸದ್ದು ಮಾಡಿಕೊಂಡು ಬರುವುದನ್ನು ನೋಡಿದೆ. ನಮ್ಮ ಜೊತೆ ಮಾತಾಡುತ್ತಲೇ ಬರುತ್ತಿದ್ದಳು. ನಾನು ತಲೆ ಎತ್ತಿದರೆ ಅವಳ ಪಾದವೇ ನನ್ನ ಕಣ್ಣಿಗೆ ನೇರ. ಹಿಮ್ಮಡಿಯ ಬಿರುಕು ಕೂಡಿಕೊಳ್ಳುತ್ತಿತ್ತು. ಉಗುರು ಬೆಳ್ಳಗಾಗುತ್ತಿತ್ತು. ಒಂದು ದಿನ ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದಳು. ಅವತ್ತು ನಾನು ಊಟ ಮಾಡಲಿಲ್ಲ.

ಒಂದು ಭಾನುವಾರ ಅವಳ ಕೋಟು ಹಿತ್ತಲಿನ ಹಗ್ಗದ ಮೇಲೆ ಒಣಗುತ್ತಿತ್ತು. ಆ ಹಗ್ಗ ಎರಡೂ ಮನೆಯದು. ಸುತ್ತ ಯಾರೂ ಇರಲಿಲ್ಲ. ತೆಗೆದು ಹಾಕಿಕೊಂಡೆ. ಹಗುರವಾಗಿತ್ತು. ಬಿಸಿಲಿನ ವಾಸನೆ ಇತ್ತು. ಜೇಬಿಗೆ ಕೈ ಹಾಕಿ ಎರಡು ಹೆಜ್ಜೆ ಹಿಂದಕ್ಕೆ, ಎರಡು ಹೆಜ್ಜೆ ಮುಂದಕ್ಕೆ ನಡೆದೆ. ತಿರುಗಿದರೆ ಬಾಗಿಲಲ್ಲಿ ಅವಳು ನಿಂತಿದ್ದಾಳೆ.

"ಒಣಗಿದ್ಯಾ ಅಂತ ನೋಡ್ತಿದ್ದೆ," ಎಂದೆ.

"ಹಾಕ್ಕೊಂಡಾ ಅಕ್ಕ?"

"ಹಾಕ್ಕೊಂಡ್ರೇ ಗೊತ್ತಾಗೋದು."

ಅವಳು ನಗಲಿಲ್ಲ. "ನಿಮಗೆ ಚೆನ್ನಾಗಿ ಕೂರುತ್ತೆ," ಎಂದಳು. ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಕರುಣೆ ತೋರಿಸುತ್ತಿದ್ದಾಳೆ, ನನ್ನ ಮೇಲೆ, ಇವಳು. ಕೋಟು ಬಿಚ್ಚಿ ಹಗ್ಗಕ್ಕೆ ಎಸೆದು ಒಳಗೆ ಹೋದೆ.

ಮರುದಿನ ಕೆರೆಗೆ ಹೋದರೆ ಕುರ್ಚಿ ತಿರುಗಿತ್ತು. ಇಷ್ಟು ದಿನ ನೀರಿನ ಕಡೆ ಮುಖ ಮಾಡಿದ್ದ ಕುರ್ಚಿ ಈಗ ದಾರಿಯ ಕಡೆ ಮುಖ ಮಾಡಿತ್ತು. ಅವಳು ನಮಗೆ ಬೆನ್ನು ಹಾಕಿ ಕೂತಿದ್ದಳು. ಓಹೋ, ಇಲ್ಲಿಗೆ ಬಂತಾ ಎಂದುಕೊಂಡೆ. ನಮ್ಮ ಮುಖ ನೋಡುವುದೂ ಬೇಡವಾಯಿತು ಮಹಾರಾಣಿಗೆ. ಪಕ್ಕದವಳಿಗೆ ಹೇಳಿದೆ, ಅವಳು ಹಿಂದಿನವಳಿಗೆ ಹೇಳಿದಳು, ಹೊರೆ ದಾಟಿದ ಹಾಗೆ ಮಾತೂ ದಾಟಿತು. ಎಲ್ಲರೂ ಅವಳ ಬೆನ್ನು ನೋಡಿ ಉಗುಳಿದರು. ನನಗೆ ಸ್ವಲ್ಪ ಹಿತವಾಯಿತು.

ಆ ವಾರದಿಂದಲೇ ಮೈ ಉರಿ ಶುರುವಾಯಿತು. ಇದು ಹೊಟ್ಟೆಯ ಉರಿ ಅಲ್ಲ, ನಿಜವಾದ ಉರಿ. ತೊಡೆಯ ಚರ್ಮ ಕೆಂಪಗೆ ಎದ್ದಿತು. ಮೊಣಕೈಯಲ್ಲಿ ನೀರು ತುಂಬಿದ ಗುಳ್ಳೆ. ನನ್ನ ಹುಣ್ಣಿಗೆ ಮೆಣಸಿನಪುಡಿ ತುಂಬಿದ ಹಾಗೆ. ಅಜ್ಜಿಯ ಕಣ್ಣು ಊದಿ ಗೀರಿನಷ್ಟಾಯಿತು. ದಂಡೆಯ ಹತ್ತಿರ ನೀರಿನ ಮೇಲೆ ಹಾಲು ಚೆಲ್ಲಿದಂತೆ ಏನೋ ತೇಲುತ್ತಿತ್ತು. ಮೂಗಿಗೆ ಗಾಟು. ಅಂಚಿನ ಅಂತರಗಂಗೆಯ ಎಲೆ ಸುಟ್ಟ ಹಾಗೆ ಕಂದಾಗಿ ಮುದುಡಿತ್ತು. ಅಜ್ಜಿ ಒಂದು ಎಲೆ ಹಿಡಿದು ಮೂಸಿ, ಎಸೆದಳು.

"ಏನೋ ಹೊಡ್ದಿದಾರೆ ಇದಕ್ಕೆ," ಎಂದಳು.

"ಬಿಸಿಲಿಗೆ ಸುಟ್ಟಿರೋದು," ಎಂದ ಮೇಸ್ತ್ರಿ ದಂಡೆಯಿಂದ. ಕಳೆ ಕೀಳಿಸುವ ಗುತ್ತಿಗೆ ಅವನದು, ನಮ್ಮನ್ನು ಕರೆತರುವವನೂ ಕಳಿಸುವವನೂ ಅವನೇ. ಮೇಲಿನವರು ಕೆರೆ ನೋಡಲು ಬರುವ ದಿನ ಹತ್ತಿರ ಬಂದಿತ್ತು. ಅವನಿಗೆ ಕೂತರೆ ನಿಂತರೆ ಅವಸರ. "ಗಿಡದ್ದೇ ಅಲರ್ಜಿ ನಿಮಗೆ. ಬೇಗ ಬೇಗ ಕೀಳ್ರಿ."

ಆ ಸಂಜೆ ನಲ್ಲಿಯ ಹತ್ತಿರ ನಾನು ಕಾಲು ತೊಳೆಯುತ್ತಿದ್ದೆ. ನೀರು ಸೋಕಿದರೂ ಪ್ರಾಣ ಹೋಗುತ್ತಿತ್ತು. ಓರಗಿತ್ತಿ ಬಿಂದಿಗೆ ಹಿಡಿದು ಬಂದಳು. ನನ್ನ ಕಾಲನ್ನೇ ನೋಡಿದಳು.

"ಕಾಲು ಹೇಗಿದೆ ಅಕ್ಕ?"

"ನಿನ್ನಷ್ಟು ಚೆನ್ನಾಗಿಲ್ಲ. ಬಣ್ಣ ಹಚ್ಚೋಕೆ ಉಗುರೇ ಇಲ್ಲ."

ಅವಳು ಬಿಂದಿಗೆ ನಲ್ಲಿಯ ಕೆಳಗಿಟ್ಟಳು. "ಅಕ್ಕ, ನಾನೊಂದು ಮಾತು..."

"ಬೆನ್ನು ತೋರಿಸ್ಕೊಂಡು ಕೂರ್ತೀಯಲ್ಲ, ಅಷ್ಟು ನಾತ ಬರುತ್ತಾ ನಮ್ಮಿಂದ? ನಿನ್ನೆ ಮೊನ್ನೆವರೆಗೂ ನಿನ್ನ ತಲೇಲೂ ಅದೇ ನಾತ ಇತ್ತು."

"ಕುರ್ಚಿ ನಾನು ತಿರುಗಿಸಿದ್ದಲ್ಲ ಅಕ್ಕ. ಮೇಸ್ತ್ರಿ ತಿರುಗಿಸಿದ್ದು. ಬೆಳಿಗ್ಗೆ ಬೆಳಿಗ್ಗೆ ಔಷಧಿ ಹೊಡೆಯೋ ಪಂಪಿನವನು ಬರ್ತಾನೆ, ನೀನು ಆ ಕಡೆ ನೋಡ್ಬೇಡ ಅಂದ. ನೋಡಿದ್ರೆ ಕುರ್ಚಿಯಿಂದ ಇಳಿಸ್ತೀನಿ ಅಂದ."

ನನ್ನ ಕೈಯಿಂದ ಚೊಂಬು ಜಾರಿತು. ನಮ್ಮ ಮೈ ಸುಡುತ್ತಿದ್ದದ್ದು ಔಷಧಿ. ಅದು ಇವಳಿಗೆ ಗೊತ್ತಿತ್ತು. ಒಣಗಿದ ಕಾಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ಕುರ್ಚಿ ತಿರುಗಿಸಿದ್ದು ಅವನು," ಎಂದೆ. "ನಿನ್ನ ಕತ್ತು ತಿರುಗಿಸಿದ್ದು ಯಾರು?"

ಅವಳು ಅರ್ಧ ತುಂಬಿದ ಬಿಂದಿಗೆ ಎತ್ತಿಕೊಂಡು ಹೋದಳು. ಗೋಡೆಯ ಆ ಕಡೆ ಅವತ್ತು ಯಾರೂ ನಗಲಿಲ್ಲ. ನಾನು ಒಳಗೊಳಗೆ ಲೆಕ್ಕ ಹಾಕಿದೆ. ಹಾಗೆಂದರೆ ಇವಳನ್ನು ಇಳಿಸಬಹುದು. ಇಳಿಸಿದರೆ ಆ ಜಾಗ ಖಾಲಿ. ನನ್ನ ಮನಸ್ಸು ಓಡಿದ್ದು ಅಲ್ಲಿಗೆ, ಔಷಧಿಯ ಕಡೆಗಲ್ಲ. ಹೊಟ್ಟೆಕಿಚ್ಚು ಅಂದರೆ ಅದು.

ಬೆಳಿಗ್ಗೆ ನಾವು ನೀರಿಗೆ ಇಳಿದೆವು. ಅಜ್ಜಿ ಮುಂದೆ, ಅವಳ ಹಿಂದೆ ನಾನು. ಓರಗಿತ್ತಿ ಎಂದಿನಂತೆ ಬೆನ್ನು ಹಾಕಿ ಕೂತಿದ್ದಳು. ಸ್ವಲ್ಪ ಹೊತ್ತಿಗೆ ಪಂಪಿನವನು ಬಂದ. ಇಷ್ಟು ದಿನ ನಾವು ಬರುವ ಮೊದಲೇ ಹೊಡೆದು ಹೋಗುತ್ತಿದ್ದವನು ಅವತ್ತು ನಾವು ನೀರಿನಲ್ಲಿ ಇರುವಾಗಲೇ ಬಂದ. ಬೆನ್ನಿಗೆ ಡಬ್ಬಿ, ಬಾಯಿಗೆ ಬಟ್ಟೆ, ಕೈಗೆ ರಬ್ಬರಿನ ಗವಸು. ಅವನಿಗೆ ಗವಸು ಕೊಟ್ಟಿದ್ದರು. ನಮಗೆ ಯಾವತ್ತೂ ಕೊಟ್ಟವರಲ್ಲ.

"ಕೆಲಸ ನಿಲ್ಲಿಸ್ಬೇಡಿ," ಎಂದ ಮೇಸ್ತ್ರಿ. "ಅಂಚಿಗೆ ಮಾತ್ರ. ಏನೂ ಆಗಲ್ಲ. ಇದು ಔಷಧಿ."

ಸಾಯಿಸುವುದಕ್ಕೂ ಇವರು ಔಷಧಿ ಎಂದೇ ಹೇಳುತ್ತಾರೆ. ಪಂಪಿನವನು ಕೋಲು ಎತ್ತಿ ಒತ್ತಿದ. ಬಿಳಿ ಹನಿ ಎದ್ದಿತು. ಗಾಳಿ ನಮ್ಮ ಕಡೆಗೇ ಇತ್ತು. ಮೊದಲು ಅಜ್ಜಿಯ ಮುಖದ ಮೇಲೆ ಬಿತ್ತು, ಆಮೇಲೆ ನನ್ನ ತುಟಿಯ ಮೇಲೆ. ಕಹಿ. ಅಜ್ಜಿ ಕಣ್ಣು ಮುಚ್ಚಿ ಕೆಮ್ಮಿದಳು. ಕೆಮ್ಮುತ್ತಲೇ ಹೊರೆ ಹಿಂದಕ್ಕೆ ಚಾಚಿದಳು. ನಾನು ಅದನ್ನು ತೆಗೆದುಕೊಳ್ಳಲು ಕೈ ಮುಂದೆ ಮಾಡಿದೆ. ಎಷ್ಟು ದಿನದ ರೂಢಿ, ನೋಡಿ. ವಿಷ ಸುರಿದರೂ ಕೈ ಕೆಲಸ ಬಿಡುವುದಿಲ್ಲ.

"ಕೈ."

ಕೂಗು ದಂಡೆಯಿಂದ ಬಂತು. ದಂಡೆಯಿಂದ ಯಾರೂ ಯಾವತ್ತೂ ಕೂಗಿದ್ದಿಲ್ಲ. ಕುರ್ಚಿಯಿಂದ ಎದ್ದು ನಿಂತಿದ್ದಳು ನನ್ನ ಓರಗಿತ್ತಿ. ನಮ್ಮ ಕಡೆ ತಿರುಗಿದ್ದಳು. ಮತ್ತೆ ಕೂಗಿದಳು. ಗಂಟಲು ಹರಿಯುವ ಹಾಗೆ ಕೂಗಿದಳು. ಆ ಶಾಂತವಾದ ಹುಡುಗಿ.

ನನ್ನ ಕೈ ಮೇಲೆದ್ದಿತು. ಅವಳ ಮೇಲಿನ ಸಿಟ್ಟೆಲ್ಲ ತಲೆಯಲ್ಲಿತ್ತು. ಕೈಗೆ ಅದು ಗೊತ್ತಿರಲಿಲ್ಲ. ಅಜ್ಜಿಯ ಹೊರೆ ದೊಪ್ಪೆಂದು ನೀರಿಗೆ ಬಿತ್ತು. ಹಿಂದೆ ಒಂದೊಂದೇ ಹೊರೆ ಬಿದ್ದ ಸದ್ದು. ಸಾಲಿಗೆ ಸಾಲೇ ಎರಡೂ ಕೈ ಎತ್ತಿ ನಿಂತಿತು.

ಮೇಸ್ತ್ರಿ ಓಡಿಬಂದ. "ಏನಿಲ್ಲ, ಏನಿಲ್ಲ. ಕೈ ಇಳಿಸ್ರಿ. ಕೀಳ್ರಿ."

"ಕೂಗಿದವಳು ಸರಿ ಅನ್ಲಿ," ಎಂದಳು ಅಜ್ಜಿ, ಕಣ್ಣು ಮುಚ್ಚಿಕೊಂಡೇ.

ಎಲ್ಲರೂ ಓರಗಿತ್ತಿಯನ್ನು ನೋಡಿದೆವು. ಅವಳು ಸರಿ ಎನ್ನಲಿಲ್ಲ. ಪಂಪಿನವನು ಕೋಲು ಇಳಿಸಿದ.

ನಡೆಯಲು ಬಂದವರು ಸೇರಿದರು. ಅಧ್ಯಕ್ಷರು ಊರುಗೋಲು ಕುಟ್ಟುತ್ತ ಬಂದರು, ಹಿಂದೆ ಗಿಡದ ಮೇಡಂ. ಮೇಡಂ ಗಾಳಿ ಮೂಸಿದರು. "ಇದು ಕಳೆನಾಶಕ ಅಲ್ವಾ? ಬೇಡ ಅಂತ ತೀರ್ಮಾನ ಆಗಿತ್ತಲ್ಲ?" ಎಂದರು. ಅಧ್ಯಕ್ಷರು ಅವರ ಕಡೆ ಒಮ್ಮೆ ನೋಡಿದರು. ಮೇಡಂ ಒಂದು ಹೆಜ್ಜೆ ಹಿಂದಿಟ್ಟರು.

"ನಿನ್ನನ್ನ ಇಟ್ಟಿದ್ದು ಕೂಗೋದಕ್ಕಲ್ಲ," ಎಂದರು ಅಧ್ಯಕ್ಷರು ನನ್ನ ಓರಗಿತ್ತಿಗೆ. "ಏನಾದ್ರೂ ಕಂಡ್ರೆ ನನ್ನ ಹತ್ರ ಬಂದು ಮೆಲ್ಲಗೆ ಹೇಳ್ಬೇಕು."

"ಹೇಳಿದ್ದೆ ಸರ್. ಮೇಸ್ತ್ರಿ ಕುರ್ಚಿ ತಿರುಗಿಸಿದ ದಿನಾನೇ ನಿಮ್ಮ ಗೇಟಿನ ಹತ್ರ ಬಂದು ಹೇಳಿದ್ದೆ. ನೋಡೋಣ ಹೋಗು ಅಂದ್ರಿ."

ಇದು ನನಗೆ ಗೊತ್ತಿರಲಿಲ್ಲ. ನಲ್ಲಿಯ ಹತ್ತಿರ ಅವಳು ಹೇಳಲು ಬಂದಿದ್ದ ಮಾತು ಇದೇ ಇರಬೇಕು. ನಾನು ಹೇಳಲು ಬಿಟ್ಟಿದ್ದರಲ್ಲವೇ.

"ಕೋಟು ಬಿಚ್ಚು," ಎಂದರು ಅಧ್ಯಕ್ಷರು.

ಅವಳು ಬಿಚ್ಚಿದಳು. ಮಡಿಸಿ ಕುರ್ಚಿಯ ಮೇಲಿಟ್ಟಳು. ಚಪ್ಪಲಿ ಕಳಚಿ ದಾರಿಯಿಂದ ಇಳಿದು ಕೆಸರಿನ ಅಂಚಿಗೆ ಬಂದು ನಿಂತಳು.

ನಡೆಯುವವರಲ್ಲಿ ಒಬ್ಬಾಕೆ ಮುಂದೆ ಬಂದಳು. "ಈಗಷ್ಟೇ ನಮ್ಮ ನಾಯಿ ಈ ನೀರು ನೆಕ್ಕಿತು. ಏನಾದ್ರೂ ಆಗುತ್ತಾ?"

"ಅಯ್ಯೋ, ಗಾಬರಿ ಆಗ್ಬೇಡಿ ಅಮ್ಮ," ಎಂದರು ಅಧ್ಯಕ್ಷರು. ಎಷ್ಟು ಮೆತ್ತಗಿನ ದನಿ. "ಮನೆಗೆ ಹೋಗಿ ಬಾಯಿ ತೊಳೆಸಿ. ಬೇಕಾದ್ರೆ ಡಾಕ್ಟರನ್ನ ಕಳಿಸ್ತೀನಿ."

ನಮ್ಮ ಕೈ ಇನ್ನೂ ಮೇಲಿತ್ತು. ತೋಳಿನಿಂದ ಬಿಳಿ ಹನಿ ಕಂಕುಳಿಗೆ ಇಳಿಯುತ್ತಿತ್ತು. ಅಜ್ಜಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಯಾರೂ ನಮ್ಮನ್ನು ಏನೂ ಕೇಳಲಿಲ್ಲ. ನಾಯಿಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ದೇವರಾಣೆ.

ಮೇಸ್ತ್ರಿ ನೀರಿನ ಅಂಚಿಗೆ ಬಂದು ಕುಕ್ಕರುಗಾಲಿನಲ್ಲಿ ಕೂತ. ನನ್ನನ್ನೇ ನೋಡಿದ. ದನಿ ತಗ್ಗಿಸಿದ.

"ನೀನು ಹಿರಿಯಳು. ಇವರೆಲ್ಲ ನಿನ್ನ ಮಾತು ಕೇಳ್ತಾರೆ. ಆ ಕೋಟು ನಿಂದೇ ಆಗ್ಬೇಕಿತ್ತು, ನಾನು ಆವತ್ತೇ ಹೇಳಿದ್ದೆ ಅವರಿಗೆ. ಮೇಲೆ ಬಾ. ಹಾಕ್ಕೋ. ಕೂತ್ಕೊಂಡು 'ಸರಿ' ಅಂತ ಒಂದು ಮಾತು ಅಂದ್ಬಿಡು. ಇನ್ಮೇಲೆ ನೀನು ನೀರಿಗೆ ಇಳಿಯೋದೇ ಬೇಡ. ನಿನ್ನ ಕಾಲು ಹೇಗಿದೆ ಅಂತ ನನಗೆ ಗೊತ್ತಿಲ್ವಾ?"

ಬೇಕಿತ್ತು. ನನಗೆ ಅದು ಬೇಕಿತ್ತು. ಕಿರುಬೆರಳು ನೀರಿನ ಕೆಳಗೆ ಸಿಡಿಯುತ್ತಿತ್ತು. ಒಂದು ಮಾತು ತಾನೇ. ಆ ಮಾತು ನಾಲಿಗೆಯ ತುದಿಗೆ ಬಂದು ಕೂತಿತ್ತು. ನಾನು ಕೈ ಇಳಿಸಿ ಮೇಲೆ ಹೋದೆ.

ಓರಗಿತ್ತಿಯ ಪಕ್ಕದಲ್ಲೇ ಹಾದು ಹೋದೆ, ಅವಳ ಮುಖ ನೋಡಲಿಲ್ಲ. ಕಾಲುದಾರಿಯ ಕಲ್ಲಿನ ಮೇಲೆ ಕಾಲಿಟ್ಟೆ. ಬಿಸಿಲಿಗೆ ಕಾದ ಕಲ್ಲು ಹುಣ್ಣಿಗೆ ಹಿತವಾಗಿತ್ತು. ಹಿಂದೆ ಕೆಸರಿನ ಹೆಜ್ಜೆ ಮೂಡಿತು. ಅಧ್ಯಕ್ಷರು ಅದನ್ನು ನೋಡಿದರು, ಅವತ್ತು ಏನೂ ಅನ್ನಲಿಲ್ಲ. ಒದ್ದೆ ಬಟ್ಟೆಯ ಮೇಲೆ ಕೋಟು ಹಾಕಿಕೊಂಡೆ. ಕೂತೆ.

ಬೆನ್ನಿಗೆ ಆಸರೆ ಸಿಕ್ಕಿತು. ಸೊಂಟ ಸಡಿಲಾಯಿತು. ಇಷ್ಟು ಸುಖ ಇದೆಯಾ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಎಂದುಕೊಂಡೆ. ಎದುರಿಗೆ ಗುಡಿಸಿದ ದಾರಿ. ಅದರಾಚೆ ಗೇಟುಗಳು, ಕುಂಡದಲ್ಲಿ ಗಿಡಗಳು, ನೆರಳು. ಕಳೆ ಇಲ್ಲ, ಕೆಸರಿಲ್ಲ, ಕೈ ಎತ್ತಿ ನಿಂತ ಯಾರೂ ಇಲ್ಲ. ಕುರ್ಚಿಯನ್ನು ಈ ಕಡೆ ತಿರುಗಿಸಿದವನು ಸುಮ್ಮನೆ ತಿರುಗಿಸಿರಲಿಲ್ಲ. ಹೀಗೇ ಕೂತಿದ್ದರೆ ದಿನಗಳು ತಣ್ಣಗೆ ಕಳೆಯುತ್ತವೆ.

"ಹೇಳು," ಎಂದ ಮೇಸ್ತ್ರಿ.

ಹಿಂದೆ ಅಜ್ಜಿ ಕೆಮ್ಮಿದಳು.

ನಾನು ಎದ್ದೆ. ಕುರ್ಚಿಯ ಎರಡೂ ಕೈ ಹಿಡಿದು ಎತ್ತಿ ನೀರಿನ ಕಡೆ ತಿರುಗಿಸಿ ಇಟ್ಟೆ. ಮತ್ತೆ ಕೂತೆ. ಎಷ್ಟೋ ಕಾಲದಿಂದ ಆ ಸಾಲಿನೊಳಗೆ ನಿಂತವಳು ನಾನು, ಅದನ್ನು ದಂಡೆಯಿಂದ ನೋಡಿದ್ದು ಅದೇ ಮೊದಲು. ನಾವು ಇಷ್ಟು ಸಣಕಲು ಎಂದು ಗೊತ್ತಿರಲಿಲ್ಲ. ತೋಳುಗಳು ಸೌದೆಯ ಹಾಗೆ. ಎತ್ತಿದ ತೋಳಿನಲ್ಲಿ ಕೆಂಪು ಗುಳ್ಳೆ. ಅಜ್ಜಿಯ ಕೈ ಸೋತು ಇಳಿಯುತ್ತಿತ್ತು. ಇಳಿದ ಕೂಡಲೇ ಮತ್ತೆ ಎತ್ತುತ್ತಿದ್ದಳು. ನನ್ನ ಜಾಗ ಖಾಲಿ ಇತ್ತು. ಅಷ್ಟು ಅಗಲದ ನೀರು.

"ಹೇಳಮ್ಮ," ಎಂದರು ಅಧ್ಯಕ್ಷರು. ನನಗೆ ಅಮ್ಮ ಎಂದದ್ದು ಅದೇ ಮೊದಲು.

"ಹೇಳ್ತೀನಿ ಸರ್," ಎಂದೆ. "ನೀರಲ್ಲಿ ವಿಷ ಹೊಡ್ದಿದಾರೆ. ಉಸ್ತುವಾರಿ ಹೇಳ್ತಿದೀನಿ, ಎಲ್ಲರೂ ಮೇಲೆ ಬನ್ನಿ. ಚರಂಡೀಲಿ ಅಲ್ಲ, ದಾರಿ ಮೇಲೆ ಬನ್ನಿ. ಅಜ್ಜಿ ಕೈ ಹಿಡ್ಕೊಳ್ರೇ ಯಾರಾದ್ರೂ, ಅವಳಿಗೆ ಕಣ್ಣು ಕಾಣ್ತಿಲ್ಲ."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ನಾಳೆ ನಿಮ್ಮಲ್ಲಿ ಒಬ್ಬಳಿಗೂ ಕೆಲಸ ಇಲ್ಲ. ಬೇರೆಯವರನ್ನ ಕರ್ಕೊಂಡ್ ಬರ್ತೀನಿ."

"ಕರ್ಕೊಂಡ್ ಬಾ," ಎಂದಳು ಅಜ್ಜಿ ನೀರಿನಿಂದಲೇ. "ಅವರಿಗೂ ಚರ್ಮ ಇರುತ್ತೆ."

ಓರಗಿತ್ತಿ ನೀರಿಗೆ ಇಳಿದು ಅಜ್ಜಿಯ ಕೈ ಹಿಡಿದಳು. ಅಷ್ಟು ಜೋಪಾನ ಮಾಡಿದ ಕಾಲು, ಬಣ್ಣ ಹಚ್ಚಿದ ಉಗುರು, ಎಲ್ಲ ಆ ನೀರಿನೊಳಗೆ ಹೋಯಿತು. ಸಾಲು ಮೇಲೆ ಬಂತು. ನುಣುಪು ಕಲ್ಲಿನ ಮೇಲೆ ಒಬ್ಬೊಬ್ಬರೇ ಬಂದು ಕೂತರು. ಕಪ್ಪು ನೀರು ದಾರಿಯ ಮೇಲೆ ಹರಿಯಿತು. ನಡೆಯುವವರು ನಾಯಿಗಳನ್ನು ಎತ್ತಿಕೊಂಡು ಹಿಂದೆ ಸರಿದರು. ಮೇಡಂ ಮಾತ್ರ ಸರಿಯಲಿಲ್ಲ. ತಮ್ಮ ಬಾಟಲಿಯ ನೀರನ್ನು ಅಜ್ಜಿಯ ಕಣ್ಣಿಗೆ ಹೊಯ್ದರು. ಅದು ಸಾಲಲಿಲ್ಲ.

"ಆ ಕುರ್ಚಿಯಿಂದ ಏಳು," ಎಂದರು ಅಧ್ಯಕ್ಷರು. ಅಮ್ಮ ಎಂಬ ಮಾತು ಹೋಗಿತ್ತು. "ಏಳೇ."

"ನೀವೇ ಕೂರಿಸಿದ್ದು ಸರ್."

"ಇಳಿಸ್ರೋ ಇವಳನ್ನ."

ಮೇಸ್ತ್ರಿ ಪಂಪಿನವನನ್ನು ನೋಡಿದ. ಪಂಪಿನವನು ಗೇಟಿನ ಕಾವಲುಗಾರನನ್ನು ನೋಡಿದ. ಕಾವಲುಗಾರ ನನ್ನನ್ನು ನೋಡಿದ. ನನ್ನನ್ನು ಇಳಿಸಬೇಕಾದರೆ ಮುಟ್ಟಬೇಕು. ರಟ್ಟೆ ಹಿಡಿಯಬೇಕು. ಮೈಯಿಂದ ಕೆರೆಯ ನೀರು ಸುರಿಯುತ್ತಿತ್ತು, ಕೂದಲಿಗೆ ಬೇರು ಅಂಟಿತ್ತು, ಕಾಲಿನಿಂದ ಕೀವು ಸೋರುತ್ತಿತ್ತು. ಇಷ್ಟು ಕಾಲ ನಮ್ಮನ್ನು ಮೂಗು ಮುಚ್ಚಿಕೊಂಡು ದೂರ ಇಟ್ಟವರು. ಈಗ ಬಂದು ಮುಟ್ಟಲಿ ಎಂದುಕೊಂಡೆ.

ಯಾರೂ ಬರಲಿಲ್ಲ. ಅಧ್ಯಕ್ಷರು ಊರುಗೋಲನ್ನು ಅರ್ಧ ಎತ್ತಿ ಇಳಿಸಿದರು. ನಾನು ಕಾಲ ಮೇಲೆ ಕಾಲು ಹಾಕಿಕೊಂಡೆ. ಕಪ್ಪಾದ ಬೆರಳು ಅವರ ಮುಖಕ್ಕೆ ನೇರ ಇರುವ ಹಾಗೆ ಹಾಕಿಕೊಂಡೆ.

ಓರಗಿತ್ತಿ ನನ್ನ ಪಕ್ಕದಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಮೊಣಕಾಲಿನವರೆಗೆ ಕೆಸರು. ಹೆಂಗಸರೆಲ್ಲ ಅವಳ ಭುಜ ತಟ್ಟುತ್ತಿದ್ದರು. ಏನು ಕೂಗು ಕೂಗಿದೆಯೇ ಹುಡುಗಿ ಎನ್ನುತ್ತಿದ್ದರು. ಮೊದಲು ಕೂಗಿದ್ದು ಅವಳೇ, ಇಲ್ಲ ಎನ್ನುವ ಹಾಗಿಲ್ಲ. ಅದೂ ಅವಳ ಪಾಲಿಗೇ ಹೋಯಿತು. ನನಗೆ ಮತ್ತೆ ಉರಿಯಿತು.

ಅವಳು ನನ್ನ ಕಡೆ ತಲೆ ಎತ್ತಿದಳು. "ಅಕ್ಕ, ಸಾಕಾದ್ಮೇಲೆ ಹೇಳಿ. ನಾನು ಸ್ವಲ್ಪ ಹೊತ್ತು ಕೂರ್ತೀನಿ."

"ಕೊಡಲ್ಲ ಹೋಗೆ," ಎಂದೆ.